ಲ್ವಾರ್ ಕಣಿವೆಯಲ್ಲಿ ಶನಿವಾರದ ಪಾಠ



'ದೇಶ ಸುತ್ತು, ಕೋಶ ಓದು' ಎಂಬ ಮಾತನ್ನು ನೀವೆಲ್ಲರೂ ಕೇಳಿದ್ದೀರಿ. ಪ್ರವಾಸವನ್ನು ಕುರಿತು ಪ್ರಬಂಧ ಬರೆಯಿರಿ ಎಂದು ಮೇಷ್ಟರು ಹೇಳಿದಾಗಲೆಲ್ಲ ಮೊದಲ ಸಾಲಿನಲ್ಲಿ ಅದನ್ನು ಬರೆದೂ ಇದ್ದೀರಿ. ಈ ಗಾದೆ ಎರಡು ಕೆಲಸಗಳನ್ನು ಹೇಳುತ್ತದೆ. ಆದರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಎಂಬುದನ್ನು ಹೇಳುವುದಿಲ್ಲ. ಒಂದು ಭಾಷೆಯನ್ನು ಕಲಿಯಲು ಆ ಭಾಷೆಯ ನಾಡಿಗೇ ಹೋಗುವ ವಿದ್ಯಾರ್ಥಿಗೆ ಈ ಪ್ರಶ್ನೆ ಬಹಳ ಮುಖ್ಯವಾದದ್ದು. ಫ್ರಾನ್ಸಿನಲ್ಲಿ ಫ್ರೆಂಚ್ ಕಲಿಯುವವರಿಗಾಗಿ ಅಲ್ಲಿನ ಶಾಲೆಗಳು ಏರ್ಪಡಿಸುವ ಸಾಂಸ್ಕೃತಿಕ ಪ್ರವಾಸಗಳಿಂದ ನಮಗೆ ದೊರೆಯುವುದೇನು, ನಮ್ಮ ಅಜಾಗರೂಕತೆಯಿಂದ ಕೈತಪ್ಪಿಹೋಗುವುದೇನು ಎಂಬುದೇ ಇಂದಿನ ಈ ಮಾತಿನ ವಿಷಯ.

ನಮ್ಮ ಪದವಿಪೂರ್ವ ಹಾಗೂ ಪದವಿ ಕಾಲೇಜುಗಳಲ್ಲಿ ಫ್ರೆಂಚ್ ಭಾಷೆಯನ್ನು ಆರಿಸಿಕೊಂಡವರಿದ್ದಾರೆ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನ ತರಗತಿಗಳಿಗೆ ಹೋಗುವವರೂ ಇದ್ದಾರೆ. ಇವರಲ್ಲಿ ಕೆಲವರು ಬೇಸಿಗೆಯಲ್ಲಿ ನಾಲ್ಕು ವಾರಗಳ ಮಟ್ಟಿಗೆ, ಇನ್ನು ಕೆಲವರು ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ಮಟ್ಟಿಗೆ ಫ್ರಾನ್ಸಿಗೆ ಹೋಗುತ್ತಾರೆ. ಅಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ವ್ಯಾಕರಣ, ಉಚ್ಚಾರಣೆ, ಸಂಭಾಷಣೆಗಳ ತರಗತಿಗಳು ನಡೆಯುತ್ತವೆ. ಶನಿವಾರ ಬೆಳಿಗ್ಗೆ ಶಾಲೆಯ ಮುಂದೆ ಬಸ್ಸು ಬಂದು ನಿಲ್ಲುತ್ತದೆ. ಮೊದಲ ಐದು ದಿನಗಳದು ಪಾಠ, ಶನಿವಾರದ್ದು ರಜೆ ಎಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸಿದ್ದೆ. ಅದು ಎಷ್ಟು ದೊಡ್ಡ ತಪ್ಪು ಎಂದು ನನಗೆ ಅರಿವಾದದ್ದು ಒಂದು ಬಾಗಿಲಿನಿಂದ. ಅದರ ವಿಚಾರವನ್ನು ಸ್ವಲ್ಪ ಮುಂದೆ ಹೇಳುತ್ತೇನೆ.

ಮೊದಲು ಊರಿನ ಪರಿಚಯ ಮಾಡಿಕೊಳ್ಳೋಣ. ಪ್ಯಾರಿಸ್ಸಿನಿಂದ ನೈಋತ್ಯಕ್ಕೆ ಸುಮಾರು 240 ಕಿಲೋಮೀಟರ್ ದೂರದಲ್ಲಿ ತೂರ್ ಎಂಬ ಪಟ್ಟಣವಿದೆ. ಫ್ರಾನ್ಸಿನ ಅತ್ಯಂತ ಉದ್ದವಾದ ನದಿ ಲ್ವಾರ್. ಅದರ ಉದ್ದ ಸುಮಾರು ಒಂದು ಸಾವಿರ ಕಿಲೋಮೀಟರ್. ಆ ನದಿಗೂ ಅದರ ಉಪನದಿಯಾದ ಶೇರ್‌ಗೂ ನಡುವೆ ಈ ಪಟ್ಟಣ ಬೆಳೆದಿದೆ. ಕಾದಂಬರಿಕಾರ ಬಾಲ್ಝಾಕ್ 1799ರಲ್ಲಿ ಹುಟ್ಟಿದ್ದು ಇಲ್ಲಿಯೇ. ಈ ತೂರೆನ್ ಸೀಮೆಯ ಜನ ಆಡುವ ಫ್ರೆಂಚ್ ಅತ್ಯಂತ ಶುದ್ಧವಾದುದು ಎಂಬ ಹೆಸರು ಹಿಂದಿನಿಂದ ಬಂದಿದೆ. ಭಾಷಾವಿಜ್ಞಾನಿಗಳು ಇಂಥ ಮಾತನ್ನು ಒಪ್ಪುವುದಿಲ್ಲ. ಧಾರವಾಡದ ಕನ್ನಡ ಶುದ್ಧವೋ, ಮೈಸೂರಿನ ಕನ್ನಡ ಶುದ್ಧವೋ ಎಂದು ನಾವು ಜಗಳವಾಡಿದ ಹಾಗೆಯೇ ಇದು. ಆದರೂ ಆ ಹೆಸರಿನ ಆಕರ್ಷಣೆಯಿಂದಲೇ ಅನೇಕ ವಿದೇಶಿ ವಿದ್ಯಾರ್ಥಿಗಳು ಈ ಊರಿಗೆ ಬಂದರು. ಅವರಿಗೆ ಫ್ರೆಂಚ್ ಕಲಿಸುವುದಕ್ಕಾಗಿ 'ಆಂಸ್ತಿತ್ಯು ದ ತೂರೆನ್' ಎಂಬ ಸಂಸ್ಥೆ 1912ರಲ್ಲೇ ಆರಂಭವಾಯಿತು.

ಈ ಊರನ್ನು ಕೇಂದ್ರವಾಗಿಟ್ಟುಕೊಂಡು ಬಸ್ಸಿನಲ್ಲಿ ಹೊರಟರೆ ಆಂಬ್ವಾಸ್, ಶೆನೋನ್ಸೊ, ವಿಲಾಂದ್ರಿ, ಬ್ಲ್ವಾ, ಶಾಂಬೋರ್ ಮೊದಲಾದ 'ಶಾತೋ'ಗಳನ್ನು ಒಂದೊಂದು ದಿನದಲ್ಲಿ ನೋಡಿ ಬರಬಹುದು. ಶಾತೋ ಎಂಬ ಮಾತಿಗೆ ಕೋಟೆ ಎಂದರೂ ಪೂರ್ತಿ ಸರಿಯಲ್ಲ, ಅರಮನೆ ಎಂದರೂ ಪೂರ್ತಿ ಸರಿಯಲ್ಲ. ಯುದ್ಧಕ್ಕಾಗಿ ಕಟ್ಟಿದ ಕೋಟೆಗಳೇ ಕಾಲಕ್ರಮದಲ್ಲಿ ವಾಸಕ್ಕೆ, ವಿನೋದಕ್ಕೆ ಅರಮನೆಗಳಾಗಿ ಮಾರ್ಪಟ್ಟ ಇತಿಹಾಸ ಆ ಒಂದೇ ಶಬ್ದದೊಳಗಿದೆ. ಈ ನದೀಕಣಿವೆಯ ದೊಡ್ಡದೊಂದು ಭಾಗವನ್ನು ಯುನೆಸ್ಕೋ ಸಂಸ್ಥೆ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪ್ರವಾಸವು ಹೇಗೆ ಪಾಠವಾಗುತ್ತದೆ ಎಂಬುದಕ್ಕೆ ಒಂದು ಸರಳವಾದ ಉದಾಹರಣೆ ನೋಡಿ. ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದರೆ ಮನೆಗಳ ಗೋಡೆಗಳೆಲ್ಲ ಕೆನೆಬಿಳುಪು, ಮಾಡುಗಳೆಲ್ಲ ಕಡುಬೂದು. ಗೋಡೆಯ ಕಲ್ಲಿಗೆ 'ತ್ಯುಫೋ' ಎಂದು ಹೆಸರು. ಅದು ಮೆದುವಾದ ಒಂದು ಬಗೆಯ ಸುಣ್ಣದ ಕಲ್ಲು. ಮಾಡಿಗೆ ಹೊದಿಸಿರುವ ತೆಳುವಾದ ಕಲ್ಲಿನ ಹಲಗೆಗೆ 'ಅರ್ದ್ವಾಜ್' ಎಂದು ಹೆಸರು. ನಾವು ಹಿಂದೆ ಅಕ್ಷರ ತಿದ್ದುತ್ತಿದ್ದ ಸ್ಲೇಟು ಅದೇ ಜಾತಿಯ ಕಲ್ಲು. ಅರ್ದ್ವಾಜ್‌ಗೆ ಹೆಸರಾಗಿದ್ದ ಆಂಜೆ ನಗರದ ಬಳಿಯ ಗಣಿಗಳು 2013ರಲ್ಲಿ ಮುಚ್ಚಿದವು. ತ್ಯುಫೋ ಕಲ್ಲನ್ನು ತೆಗೆದ ಕಡೆ ಗುಡ್ಡಗಳಲ್ಲಿ ಗುಹೆಗಳು ಉಳಿದವು. ಕೆಲವು ಗುಹೆಗಳಿಗೆ ಬಾಗಿಲು, ಕಿಟಕಿ ಇಟ್ಟು ಜನ ಮನೆ ಮಾಡಿಕೊಂಡರು; ಕೆಲವನ್ನು ದ್ರಾಕ್ಷಾರಸದ ಉಗ್ರಾಣ ಮಾಡಿದರು; ಸೋಮ್ಯೂರ್ ಕಡೆಯ ಗುಹೆಗಳಲ್ಲಿ ಅಣಬೆ ಬೆಳೆದರು. ಹೀಗೆ ಎರಡು ಶಬ್ದಗಳನ್ನು ಮೊದಲೇ ತಿಳಿದುಕೊಂಡು ಹೊರಟವನಿಗೆ ಅರಮನೆ, ಗುಡ್ಡ, ಗುಹೆ, ಅಡುಗೆಮನೆಯ ಅಣಬೆ ಎಲ್ಲವೂ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕಾಣುತ್ತವೆ. ಶಬ್ದ ತಿಳಿಯದವನಿಗೆ ಬರೀ ಬಿಳಿಯ ಗೋಡೆ ಕಾಣುತ್ತದೆ.

ಇನ್ನು ಶಾಂಬೋರ್‌ಗೆ ಬರೋಣ. ಒಂದನೆಯ ಫ್ರಾನ್ಸ್ವಾ ದೊರೆ 1519ರಲ್ಲಿ ಇದರ ಕಟ್ಟಡವನ್ನು ಆರಂಭಿಸಿದ. ಕಟ್ಟಡದ ನಡುವೆ ಒಂದು ವಿಚಿತ್ರವಾದ ಮೆಟ್ಟಿಲಸಾಲಿದೆ. ಒಂದರ ಸುತ್ತ ಒಂದು ಸುತ್ತಿಕೊಂಡ ಎರಡು ದಾರಿಗಳು. ಒಬ್ಬರು ಹತ್ತುತ್ತಿರುವಾಗ ಇನ್ನೊಬ್ಬರು ಇಳಿದರೂ ಇಬ್ಬರೂ ಎದುರಾಗುವುದಿಲ್ಲ. ದೊರೆಯ ಆಹ್ವಾನದ ಮೇಲೆ ಇಟಲಿಯ ಲಿಯೊನಾರ್ಡೊ ಡ ವಿಂಚಿ 1516ರಲ್ಲಿ ಇದೇ ಸೀಮೆಯ ಆಂಬ್ವಾಸ್‌ಗೆ ಬಂದು ನೆಲೆಸಿ, 1519ರ ಮೇ 2ರಂದು ಅಲ್ಲಿಯೇ ತೀರಿಕೊಂಡ. ಮೆಟ್ಟಿಲಸಾಲಿನ ಕಲ್ಪನೆ ಆತನದೇ ಇರಬಹುದೆಂದು ಊಹಿಸುವವರಿದ್ದಾರೆ, ಖಚಿತವಾದ ಆಧಾರವಿಲ್ಲ. ವಿದ್ಯಾರ್ಥಿಗಳು ಇಲ್ಲಿ ಸಾಮಾನ್ಯವಾಗಿ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಆದರೆ ಭಾಷೆಯ ವಿದ್ಯಾರ್ಥಿ ಇಲ್ಲಿ ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. ಇದೇ ಫ್ರಾನ್ಸ್ವಾ ದೊರೆ 1539ರಲ್ಲಿ ವಿಲೇರ್ ಕೋತ್ರೆ ಎಂಬಲ್ಲಿ ಹೊರಡಿಸಿದ ಆಜ್ಞೆಯ ಪ್ರಕಾರ ನ್ಯಾಯಾಲಯದ ಕಾಗದಪತ್ರಗಳನ್ನು ಲ್ಯಾಟಿನ್‌ನಲ್ಲಿ ಬರೆಯುವುದು ನಿಂತು, ಫ್ರೆಂಚ್‌ನಲ್ಲಿ ಬರೆಯುವುದು ಆರಂಭವಾಯಿತು. ಆ ವಿಲೇರ್ ಕೋತ್ರೆಯ ಅರಮನೆಯಲ್ಲಿ 2023ರಲ್ಲಿ ಫ್ರೆಂಚ್ ಭಾಷೆಗೆಂದೇ ಒಂದು ಅಂತಾರಾಷ್ಟ್ರೀಯ ಕೇಂದ್ರ ತೆರೆಯಿತು. ನಮ್ಮಲ್ಲಿ ರಾಜ್ಯಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ನ್ಯಾಯಾಲಯದಲ್ಲಿ ಕನ್ನಡ ಎಂಬ ಮಾತನ್ನು ನಾವು ಇಂದಿಗೂ ಆಡುತ್ತಿದ್ದೇವೆ. ಆದ್ದರಿಂದ ಈ ಚರಿತ್ರೆ ಕನ್ನಡದ ವಿದ್ಯಾರ್ಥಿಗೆ ದೂರದ್ದೇನೂ ಅಲ್ಲ.

ಈಗ ನಾನು ಹೇಳಬೇಕೆಂದಿದ್ದ ಬಾಗಿಲಿನ ವಿಚಾರ. ಅದು ಇರುವುದು ಶೆನೋನ್ಸೊ ಶಾತೋದಲ್ಲಿ.

ಶೆನೋನ್ಸೊವನ್ನು 'ಹೆಂಗಸರ ಶಾತೋ' ಎಂದು ಕರೆಯುತ್ತಾರೆ. 16ನೆಯ ಶತಮಾನದ ಆರಂಭದಲ್ಲಿ ಇದರ ಕಟ್ಟಡದ ಉಸ್ತುವಾರಿಯನ್ನು ನೋಡಿಕೊಂಡವಳು ಕ್ಯಾಥರೀನ್ ಬ್ರಿಸೊನೆ ಎಂಬಾಕೆ. ಎರಡನೆಯ ಆನ್ರಿ ದೊರೆ 1547ರಲ್ಲಿ ಇದನ್ನು ತನ್ನ ಪ್ರಿಯತಮೆ ದಿಯಾನ್ ದ ಪ್ವಾತಿಯೆಗೆ ಕೊಟ್ಟ. ಆಕೆ ಶೇರ್ ನದಿಗೆ ಅಡ್ಡಲಾಗಿ ಸೇತುವೆ ಕಟ್ಟಿಸಿದಳು. ದೊರೆ 1559ರಲ್ಲಿ ತೀರಿಕೊಂಡ ಮೇಲೆ ಪಟ್ಟದ ರಾಣಿ ಕ್ಯಾಥರೀನ್ ದ ಮೆದಿಚಿ ಅದನ್ನು ದಿಯಾನಳಿಂದ ಹಿಂದಕ್ಕೆ ಪಡೆದು, ಆ ಸೇತುವೆಯ ಮೇಲೆಯೇ 60 ಮೀಟರ್ ಉದ್ದದ ಮೊಗಸಾಲೆಯನ್ನು ಕಟ್ಟಿಸಿದಳು. ಹೀಗೆ ಅರಮನೆಯೇ ನದಿಯನ್ನು ದಾಟಿ ನಿಂತಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಗಿನ ಒಡೆಯರು ಈ ಮೊಗಸಾಲೆಯನ್ನು ಆಸ್ಪತ್ರೆಯಾಗಿ ಮಾರ್ಪಡಿಸಿದರು. ಎರಡು ಸಾವಿರಕ್ಕೂ ಹೆಚ್ಚು ಗಾಯಾಳು ಸೈನಿಕರು ಇಲ್ಲಿ ಚಿಕಿತ್ಸೆ ಪಡೆದರು.

ನಾನು ವಿದ್ಯಾರ್ಥಿಯಾಗಿ ಹೋಗಿದ್ದಾಗ ನನ್ನ ಪಾಲಿಗೆ ಇದು ಮೂರನೆಯ ಶನಿವಾರ. ನಾವು ನಾಲ್ವರು ಭಾರತೀಯರು ಬಸ್ಸಿನ ಹಿಂದಿನ ಸೀಟುಗಳಲ್ಲಿ ಕುಳಿತು ದಾರಿಯುದ್ದಕ್ಕೂ ಇಂಗ್ಲಿಷ್‌ನಲ್ಲಿ ಹರಟಿದೆವು. ನನ್ನ ಚೀಲದಲ್ಲಿ ಒಂದು ಇಂಗ್ಲಿಷ್ ಕೈಪಿಡಿ ಇತ್ತು. ಅದರ ಮೊದಲ ಎರಡು ಪುಟಗಳನ್ನು ಮಾತ್ರ ತಿರುವಿ ನೋಡಿದ್ದೆ. ಮೊಗಸಾಲೆಯ ನೆಲಕ್ಕೆ ಬಿಳಿಯ ತ್ಯುಫೋ, ಕಪ್ಪು ಅರ್ದ್ವಾಜ್ ಹಾಸುಗಳನ್ನು ಚದುರಂಗದ ಮಣೆಯಂತೆ ಜೋಡಿಸಿದ್ದಾರೆ. ಅದನ್ನು ನೋಡುತ್ತಾ ನಡೆಯುತ್ತಿದ್ದ ನನ್ನನ್ನು ಕಿಟಕಿಯ ಬಳಿ ನಿಂತಿದ್ದ ಒಬ್ಬ ವಯಸ್ಸಾದ ಹೆಂಗಸು ಮಾತನಾಡಿಸಿದರು. ನೀವು ಭಾರತದವರೇ ಎಂದು ಕೇಳಿದರು. ಅದು ನನಗೆ ಅರ್ಥವಾಯಿತು. ಆಮೇಲೆ ಅವರು ಮೊಗಸಾಲೆಯ ತುದಿಯಲ್ಲಿದ್ದ ಬಾಗಿಲಿನತ್ತ ಕೈ ತೋರಿಸಿ ನಾಲ್ಕೈದು ನಿಮಿಷ ಏನನ್ನೋ ಹೇಳಿದರು. ನನಗೆ ತಿಳಿದದ್ದು ಮೂರು ಶಬ್ದಗಳು: ಬಾಗಿಲು, ರಾತ್ರಿ, ನನ್ನ ಅಣ್ಣ. ಅವರ ಮಾತು ಅರ್ಥವಾಗಲಿಲ್ಲವೆಂದು ಹೇಳಲು ನಾಚಿಕೆಯಾಗಿ ನಾನು 'ವ್ವಿ, ವ್ವಿ', ಅಂದರೆ 'ಹೌದು, ಹೌದು' ಎಂದು ತಲೆಯಾಡಿಸಿದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ವಂದನೆ ಹೇಳಿ ಹೊರಟುಹೋದರು.

ಸೋಮವಾರ ತರಗತಿಯಲ್ಲಿ ನಮ್ಮ ಅಧ್ಯಾಪಕಿ ಒಬ್ಬೊಬ್ಬರನ್ನೂ ಕೇಳಿದರು: "ಪುಸ್ತಕದಿಂದಲ್ಲದೆ ಒಬ್ಬ ಮನುಷ್ಯರಿಂದ ತಿಳಿದುಕೊಂಡ ಒಂದು ಸಂಗತಿ ಹೇಳಿ." ನಾನು ಆ ಹೆಂಗಸಿನ ಮಾತನ್ನೂ, ನನಗೆ ತಿಳಿದ ಮೂರು ಶಬ್ದಗಳನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ವಿವರಿಸಿದರು. 1940ರ ಜೂನ್ ತಿಂಗಳಲ್ಲಿ ಫ್ರಾನ್ಸ್ ಸೋತಾಗ ಜರ್ಮನರು ದೇಶದ ಉತ್ತರ ಮತ್ತು ಪಶ್ಚಿಮ ಭಾಗಗಳನ್ನು ಆಕ್ರಮಿಸಿಕೊಂಡರು. ಆಕ್ರಮಿತ ಪ್ರದೇಶಕ್ಕೂ ಉಳಿದ 'ಸ್ವತಂತ್ರ ವಲಯ'ಕ್ಕೂ ನಡುವೆ ಒಂದು ಗಡಿರೇಖೆ ಎಳೆಯಲಾಯಿತು. ಈ ಸೀಮೆಯಲ್ಲಿ ಶೇರ್ ನದಿಯೇ ಆ ರೇಖೆ. ಶೆನೋನ್ಸೊದ ಮುಂಬಾಗಿಲು ಆಕ್ರಮಿತ ಪ್ರದೇಶದಲ್ಲಿತ್ತು. ಮೊಗಸಾಲೆಯ ದಕ್ಷಿಣದ ಬಾಗಿಲು ಸ್ವತಂತ್ರ ವಲಯಕ್ಕೆ ತೆರೆಯುತ್ತಿತ್ತು. 1942ರ ನವೆಂಬರಿನಲ್ಲಿ ಜರ್ಮನರು ದಕ್ಷಿಣವನ್ನೂ ಹಿಡಿಯುವವರೆಗೆ, ತಲೆ ತಪ್ಪಿಸಿಕೊಳ್ಳಬೇಕಾದವರು ಆ ಬಾಗಿಲಿನಿಂದ ಆಚೆಗೆ ದಾಟಿದ್ದುಂಟು. ಆಗ ಆ ಹೆಂಗಸು ಹುಡುಗಿಯಾಗಿದ್ದಿರಬೇಕು. ಅವರ ಅಣ್ಣ ಆ ರಾತ್ರಿ ಆ ಬಾಗಿಲನ್ನು ದಾಟಿದರೋ, ದಾಟಲಾಗಲಿಲ್ಲವೋ? ಅವರು ನನಗೆ ಹೇಳಿದ್ದರು. ನಾನು 'ಹೌದು, ಹೌದು' ಎಂದಿದ್ದೆ.

ಕೋಣೆಗೆ ಬಂದು ಕೈಪಿಡಿ ತೆರೆದು ನೋಡಿದರೆ, ನಾನು ತಿರುವದೇ ಬಿಟ್ಟ ಪುಟದಲ್ಲಿ ಆ ಬಾಗಿಲಿನ ವಿಷಯ ನಾಲ್ಕು ಸಾಲಿನಲ್ಲಿತ್ತು. ಕೋಶ ಓದದೆ ದೇಶ ಸುತ್ತಲು ಹೋದ ನನಗೆ ಎರಡೂ ದಕ್ಕಲಿಲ್ಲ.

ಈ ಅನುಭವದಿಂದ ನಾನು ಕಲಿತದ್ದನ್ನು ಮೂರು ಭಾಗವಾಗಿ ನಿಮಗೆ ಹೇಳಬಯಸುತ್ತೇನೆ.

ಮೊದಲನೆಯದು, ಹೊರಡುವ ಮುನ್ನ ಮಾಡಬೇಕಾದ ಸಿದ್ಧತೆ. ನೋಡಲಿರುವ ಸ್ಥಳದ ಬಗ್ಗೆ ಹಿಂದಿನ ರಾತ್ರಿ ಎರಡು ಪುಟಗಳನ್ನಾದರೂ ಫ್ರೆಂಚ್‌ನಲ್ಲಿ ಓದಿ. ಅಲ್ಲಿ ಬೇಕಾಗುವ ಹತ್ತು ಶಬ್ದಗಳನ್ನು ಬರೆದುಕೊಳ್ಳಿ. ಅಲ್ಲಿಯ ಯಾರನ್ನಾದರೂ ಕೇಳಬೇಕಾದ ಒಂದು ಪ್ರಶ್ನೆಯನ್ನು ಮೊದಲೇ ಸಿದ್ಧಪಡಿಸಿಕೊಳ್ಳಿ. ಖರ್ಚಿನ ಬಗ್ಗೆಯೂ ವಿಚಾರಿಸಿ. 26 ವರ್ಷದೊಳಗಿದ್ದು ದೀರ್ಘಾವಧಿ ವೀಸಾದ ಮೇಲೆ ಅಲ್ಲಿ ವಾಸಿಸುವ ವಿದ್ಯಾರ್ಥಿಗಳಿಗೆ ಹಲವು ರಾಷ್ಟ್ರೀಯ ಸಂಗ್ರಹಾಲಯ, ಸ್ಮಾರಕಗಳಲ್ಲಿ ಪ್ರವೇಶ ಉಚಿತ. ಗುರುತಿನ ಕಾಗದ ಜೊತೆಯಲ್ಲಿರಬೇಕು. ಶೆನೋನ್ಸೊದಂಥ ಖಾಸಗಿ ಒಡೆತನದ ಕಡೆ ಈ ಸೌಲಭ್ಯವಿರುವುದಿಲ್ಲ. ಸೆಪ್ಟೆಂಬರಿನ ಮೂರನೆಯ ವಾರಾಂತ್ಯದಲ್ಲಿ ಪರಂಪರೆಯ ದಿನಗಳನ್ನು ಆಚರಿಸುತ್ತಾರೆ. 1984ರಲ್ಲಿ ಆರಂಭವಾದ ಈ ಪದ್ಧತಿಯಿಂದಾಗಿ, ಬೇರೆ ದಿನಗಳಲ್ಲಿ ಮುಚ್ಚಿರುವ ಅನೇಕ ಕಟ್ಟಡಗಳೂ ಆಗ ತೆರೆದಿರುತ್ತವೆ.

ಎರಡನೆಯದು, ಪ್ರವಾಸದ ದಿನದ ನಡವಳಿಕೆ. ಬಸ್ಸಿನಲ್ಲಿ ನಮ್ಮವರ ಪಕ್ಕದಲ್ಲೇ ಕೂರಬೇಡಿ. ಜಪಾನಿನವರೋ ಬ್ರೆಜಿಲಿನವರೋ ಪಕ್ಕದಲ್ಲಿದ್ದರೆ ಇಬ್ಬರಿಗೂ ಫ್ರೆಂಚ್ ಬಿಟ್ಟರೆ ಬೇರೆ ದಾರಿಯಿರುವುದಿಲ್ಲ. ಅಂಗಡಿಗೆ ಹೋದರೂ, ಟಿಕೆಟ್ ಕೊಳ್ಳುವಾಗಲೂ ಮೊದಲು 'ಬೋಂಜೂರ್ ಮದಾಮ್', 'ಬೋಂಜೂರ್ ಮೆಸ್ಯೊ' ಎನ್ನದೆ ಮಾತು ಆರಂಭಿಸಬೇಡಿ. ಅದಿಲ್ಲದೆ ನೇರವಾಗಿ ಬೇಕಾದ್ದನ್ನು ಕೇಳುವುದು ಅಲ್ಲಿ ಒರಟುತನ. ಈ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವೂ ಇದೆ. ಫ್ರೆಂಚ್‌ನ 'ತ್ಯು', 'ವೂ'ಗಳ ವ್ಯತ್ಯಾಸವನ್ನು ಇಂಗ್ಲಿಷಿನವರು ಕಷ್ಟಪಟ್ಟು ಕಲಿಯಬೇಕು. ನಮಗೆ 'ನೀನು', 'ನೀವು' ಹುಟ್ಟಿನಿಂದಲೇ ಬಂದಿವೆ. ಅಪರಿಚಿತರಿಗೆ, ಹಿರಿಯರಿಗೆ 'ನೀವು' ಎನ್ನುವ ನಾಲಿಗೆ ತಾನಾಗಿಯೇ 'ವೂ' ಎನ್ನುತ್ತದೆ.

ಅರಮನೆಗಳ ಜೊತೆಗೆ ಸಂತೆಯನ್ನೂ ನೋಡಿ. ತೂರೆನ್ ಸೀಮೆಯಲ್ಲಿ ಸೇಂತ್ ಮೋರ್ ಎಂಬ ಮೇಕೆಹಾಲಿನ ಗಿಣ್ಣು, ಅಂದರೆ ಚೀಸ್, ಮಾರುತ್ತಾರೆ. ಉದ್ದನೆಯ ಆ ಗಿಣ್ಣಿನ ನಡುವೆ ಒಂದು ಹುಲ್ಲುಕಡ್ಡಿ ಇರುತ್ತದೆ. ಅದೇಕೆಂದು ಕೇಳಿ ನೋಡಿ. ಗಿಣ್ಣು ಮುರಿಯದಿರಲೆಂದು ಎನ್ನುತ್ತಾರೆ. ಕಡ್ಡಿಯ ಮೇಲೆ ತಯಾರಿಸಿದವರ ಗುರುತು ಕೊರೆದಿರುವುದನ್ನೂ ತೋರಿಸುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಾಗಿದ್ದರೆ ಹಾಲನ್ನು ಒಡೆಸಲು ಏನು ಬಳಸಿದ್ದಾರೆಂದು ಕೇಳಿಯೇ ಕೊಳ್ಳಬೇಕು. ಅನೇಕ ಫ್ರೆಂಚ್ ಗಿಣ್ಣುಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪನ್ನು ಉಪಯೋಗಿಸುತ್ತಾರೆ. ನೋಡಿ, ಒಂದು ತುಂಡು ಗಿಣ್ಣಿನಿಂದ ಎರಡು ಪ್ರಶ್ನೆ, ಎರಡು ಉತ್ತರ, ಹತ್ತು ಹೊಸ ಶಬ್ದಗಳು.

ಮೂರನೆಯದು, ಹಿಂದಿರುಗಿದ ಮೇಲಿನ ಕೆಲಸ. ಅದೇ ಸಂಜೆ ಹತ್ತು ಸಾಲುಗಳನ್ನು ಫ್ರೆಂಚ್‌ನಲ್ಲಿ ಬರೆದು, ನೀವು ಉಳಿದುಕೊಂಡ ಮನೆಯವರಿಗೆ ಓದಿ ಹೇಳಿ. ಅವರು ತಿದ್ದುತ್ತಾರೆ, ತಿದ್ದುತ್ತಾ ತಿದ್ದುತ್ತಾ ತಮ್ಮ ನೆನಪುಗಳನ್ನೂ ಹೇಳುತ್ತಾರೆ. ಯಾವ ಕೈಪಿಡಿಯಲ್ಲಿಯೂ ಇಲ್ಲದ ಪುಟಗಳು ಅವು.

ಪ್ರವಾಸದಲ್ಲಿ ನಾವು ನೋಡುವವರು ಮಾತ್ರವಲ್ಲ, ನೋಡಿಸಿಕೊಳ್ಳುವವರೂ ಹೌದು. ಇದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲೇ ಉದಾಹರಣೆಯಿದೆ. ಪ್ಯಾರಿಸ್ಸಿಗೆ ಹೋದ ವಿದ್ಯಾರ್ಥಿಗಳೆಲ್ಲ ವರ್ಸೈ ಅರಮನೆಯನ್ನು ನೋಡುತ್ತಾರೆ. ಮೈಸೂರಿನ ಟಿಪ್ಪು ಸುಲ್ತಾನ್ ಕಳುಹಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ಅಲ್ಲಿ ಹದಿನಾರನೆಯ ಲೂಯಿ ದೊರೆಯನ್ನು ಕಂಡರು. ಅವರು ಕೇಳಿದ ಸೇನಾ ನೆರವು ದೊರೆಯಲಿಲ್ಲ. ಆದರೆ ಅವರನ್ನು ನೋಡಲು ಜನ ಮುಗಿಬಿದ್ದರು. ಪ್ರಸಿದ್ಧ ಚಿತ್ರಕಾರ್ತಿ ವಿಜೇ ಲ ಬ್ರಂ ಅವರಲ್ಲೊಬ್ಬರಾದ ಮಹಮ್ಮದ್ ದರ್ವೇಶ್ ಖಾನರ ಚಿತ್ರವನ್ನು ಬರೆದಳು. ಅವರು ದುಭಾಷಿಯ ಮೂಲಕ ಮಾತನಾಡಬೇಕಾಯಿತು. ನಿಮಗೆ ಆ ತೊಂದರೆಯಿಲ್ಲ. ಅಲ್ಲಿ ಯಾರಾದರೂ ನಿಮ್ಮ ಊರು ಯಾವುದು, ನಿಮ್ಮ ಭಾಷೆ ಯಾವುದು ಎಂದು ಕೇಳಿಯೇ ಕೇಳುತ್ತಾರೆ. ಶ್ರೀರಂಗಪಟ್ಟಣ ಎಲ್ಲಿದೆ, ಕನ್ನಡದ ಲಿಪಿ ಹೇಗಿದೆ ಎಂದು ಐದು ವಾಕ್ಯಗಳಲ್ಲಿ ಹೇಳಲು ಸಿದ್ಧರಾಗಿರಿ. ಕೊಡುವುದಕ್ಕೆ ಏನಾದರೂ ಇದ್ದವನಿಗೆ ಎದುರಿನವರೂ ಮನಸ್ಸು ಬಿಚ್ಚಿ ಕೊಡುತ್ತಾರೆ.

ಫ್ರಾನ್ಸಿಗೆ ಹೋಗುವ ಅವಕಾಶ ಎಲ್ಲರಿಗೂ ಇರುವುದಿಲ್ಲ. ಅವರು ನಿರಾಶರಾಗಬೇಕಿಲ್ಲ. ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣದಲ್ಲಿ ಪುದುಚೇರಿ ಇದೆ. 1954ರ ನವೆಂಬರ್ 1ರಂದು ಅದರ ಆಡಳಿತ ಭಾರತಕ್ಕೆ ಬಂದಿತು. ಅಲ್ಲಿ ಇಂದಿಗೂ ಬೀದಿಯ ಹೆಸರುಗಳನ್ನು ತಮಿಳು, ಫ್ರೆಂಚ್ ಎರಡರಲ್ಲೂ ಬರೆದಿರುವುದನ್ನು ನೋಡಬಹುದು. 1955ರಲ್ಲಿ ಸ್ಥಾಪನೆಯಾದ ಫ್ರೆಂಚ್ ಸಂಶೋಧನಾ ಸಂಸ್ಥೆಯೂ ಅಲ್ಲಿದೆ. ಹತ್ತು ಶಬ್ದ, ಒಂದು ಪ್ರಶ್ನೆ, ಹತ್ತು ಸಾಲು ಎಂಬ ಕ್ರಮವನ್ನು ಅಲ್ಲಿಯೂ ಅನುಸರಿಸಬಹುದು.

ಮಿತ್ರರೇ, 'ದೇಶ ಸುತ್ತು, ಕೋಶ ಓದು' ಎಂಬುದರಲ್ಲಿ ಯಾವುದು ಮೊದಲು ಎಂದು ಆರಂಭದಲ್ಲಿ ಕೇಳಿದ್ದೆ. ಮೊದಲು ಕೋಶ ಓದಿ, ಆಮೇಲೆ ದೇಶ ಸುತ್ತಿ, ಬಂದ ಮೇಲೆ ಮತ್ತೆ ಕೋಶ ತೆರೆಯಿರಿ ಎಂಬುದೇ ನನ್ನ ಉತ್ತರ. ಇದರ ಜೊತೆಗೆ ಒಂದು ಚಿಕ್ಕ ವಾಕ್ಯವನ್ನು ಕಂಠಪಾಠ ಮಾಡಿಕೊಳ್ಳಿ: 'ಪ್ಲ್ಯು ಲಾಂತ್‌ಮಾಂ, ಸಿಲ್ ವೂ ಪ್ಲೆ.' ಅಂದರೆ, 'ದಯವಿಟ್ಟು ಇನ್ನೂ ನಿಧಾನವಾಗಿ ಹೇಳಿ.' ಮೊದಲ ವಾರದ ಪಾಠದಲ್ಲೇ ಕಲಿಸುವ ವಾಕ್ಯವಿದು. ನನಗೂ ಕಲಿಸಿದ್ದರು. ಆ ಮೊಗಸಾಲೆಯಲ್ಲಿ ಅದನ್ನು ಹೇಳಲು ನನಗೆ ಸಂಕೋಚವಾಯಿತು. ಆದ್ದರಿಂದ ಆ ಅಣ್ಣನಿಗೆ ಏನಾಯಿತೆಂದು ನಿಮಗೆ ಹೇಳಲು ನನಗೆ ಇಂದಿಗೂ ಸಾಧ್ಯವಾಗುತ್ತಿಲ್ಲ. ತಿಳಿಯದಿದ್ದಾಗ ತಿಳಿಯಲಿಲ್ಲ ಎನ್ನುವ ಧೈರ್ಯ ನಿಮಗಿರಲಿ.